ನಂಬದ ಉತ್ತರವನ್ನು ಬರೆಯದ ಮಹದೇವಮ್ಮ

ತನಗೆ ನಂಬಿಕೆ ಬಾರದ ಉತ್ತರವನ್ನು ಮಹದೇವಮ್ಮ ಬರೆಯುತ್ತಿರಲಿಲ್ಲ. ಗೊತ್ತಿದ್ದರೂ ಬರೆಯುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿಯ ಗಣಿತಕ್ಕೆ ಮೂರು ಸಲ ಕೂತು ಇಪ್ಪತ್ತೊಂಬತ್ತು, ಮೂವತ್ತೊಂದು, ಇಪ್ಪತ್ತೇಳು ಅಂಕಗಳನ್ನು ತೆಗೆದುಕೊಂಡು ಮೂರು ಸಲವೂ ನಪಾಸಾದ ಈ ಹೆಂಗಸು, ನಾನು ಕೊಟ್ಟ ಮೊದಲ ಮಾದರಿ ಪತ್ರಿಕೆಯಲ್ಲಿ ಸ್ಪರ್ಶಕಗಳ ಪ್ರಮೇಯವನ್ನು ಒಂದಕ್ಷರವೂ ತಪ್ಪದಂತೆ ಸಾಧಿಸಿ, ಎಡಕ್ಕೆ ಹೇಳಿಕೆ ಬಲಕ್ಕೆ ಕಾರಣ ಎಂದು ಮುತ್ತು ಪೋಣಿಸಿದ ಹಾಗೆ ಬರೆದು, ಅದರ ಕೆಳಗಿನ ಬೀಜಗಣಿತದ ಲೆಕ್ಕವನ್ನು ಮೂರನೆಯ ಸಾಲಿಗೇ ನಿಲ್ಲಿಸಿ ಮುಂದಿನ ಅರ್ಧ ಪುಟವನ್ನು ಖಾಲಿ ಬಿಟ್ಟಿದ್ದಳು. ನಿಲ್ಲಿಸಿದ್ದು ಐದರಲ್ಲಿ ಮೈನಸ್ ಮೂರನ್ನು ಕಳೆಯಬೇಕಾದ ಜಾಗದಲ್ಲಿ. ಎಂಟು ಎಂದು ಬರೆದಿದ್ದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತಿತ್ತು.

"ಎಂಟು ಅಂತ ಗೊತ್ತಿತ್ತಲ್ಲ, ಯಾಕಮ್ಮ ಬರೀಲಿಲ್ಲ?" ಎಂದು ಕೇಳಿದೆ.

"ಎಂಟು ಅಂತ ನೀವು ಹೇಳ್ತೀರಿ ಮೇಷ್ಟ್ರೇ, ಪುಸ್ತಕಾನೂ ಹೇಳ್ತದೆ. ನಂಗೆ ನಂಬಿಕೆ ಬರ್ಲಿಲ್ಲ," ಎಂದಳು.

ನಾನು ಆಗ ಕಣಕಟ್ಟೆಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನೂರು ಹಗರೆ, ಶನಿವಾರ ಬಸ್ಸು ಹತ್ತಿ ಊರಿಗೆ ಹೋಗುವುದು, ಸೋಮವಾರ ಬೆಳಗ್ಗೆ ಬಂದಿಳಿಯುವುದು. ಇಳಿದ ಕೂಡಲೇ ಮೊದಲು ಕಾಣುತ್ತಿದ್ದುದು ಅಂಗನವಾಡಿ ಮತ್ತು ಅದರ ಸಹಾಯಕಿ ಮಹದೇವಮ್ಮ. ಸೀರೆಯ ಮೇಲೆ ಗಂಡಸರ ಉಣ್ಣೆಯ ಕೋಟು, ಮಾಸಿದ ಕಡು ನೀಲಿ, ಎರಡು ಸುತ್ತು ಮಡಚಿದ ತೋಳು, ರೈಲ್ವೆಯ ಗುರುತಿದ್ದ ಹಿತ್ತಾಳೆಯ ಗುಂಡಿಗಳಲ್ಲಿ ಉಳಿದವು ಎರಡು. ಅರಸೀಕೆರೆಯ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಬೋಗಿಗಳನ್ನು ಇಂಜಿನ್ನಿಗೆ ಜೋಡಿಸುವ, ಬಿಡಿಸುವ ಕೆಲಸ ಮಾಡಿ ನಿವೃತ್ತನಾದ ತಂದೆ ಸಣ್ಣಯ್ಯನದು ಆ ಕೋಟು. ಚಳಿಗಾಲ ಮುಗಿದು ಬಿಸಿಲು ಏರಿದರೂ ಹತ್ತು ಗಂಟೆಯವರೆಗೆ ಅದನ್ನು ಆಕೆ ಕಳಚುತ್ತಿರಲಿಲ್ಲ. ನಡಿಗೆಯೂ ತಂದೆಯದೇ ಇರಬೇಕು: ಮುಂದಕ್ಕೆ ಬಾಗಿ, ಹೊರಡಲಿರುವ ಗಾಡಿಯನ್ನು ಹಿಡಿಯುವವಳಂತೆ ದಾಪುಗಾಲು. ಮನೆಯಿಂದ ಮಕ್ಕಳನ್ನು ಕರೆತರುವಾಗ ಮೂರು ವರ್ಷದ ಕೂಸುಗಳು ಆಕೆಯ ಹಿಂದೆ ಓಡುತ್ತಲೇ ಬರಬೇಕಾಗಿತ್ತು.

ನಂಬಿಕೆ ಬರಲಿಲ್ಲ ಎಂಬ ಮಾತು ಆಕೆಯ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಉಪ್ಪಿಟ್ಟಿಗೆ ಉಪ್ಪು ಹಾಕಿದೆ ಎಂದು ಯಾರಾದರೂ ಹೇಳಿದರೆ ನಂಬಿಕೆ ಬರುತ್ತಿರಲಿಲ್ಲ, ನಾಲಿಗೆಗೆ ಇಟ್ಟು ನೋಡಬೇಕು. ಅರಸೀಕೆರೆಯ ಬಸ್ಸು ಹೋಯಿತೆಂದರೆ ರಸ್ತೆಗೆ ಹೋಗಿ ಧೂಳು ಎದ್ದಿದೆಯೇ ಎಂದು ನೋಡಿ ಬರಬೇಕು. ಗಂಡ ಪುಟ್ಟಯ್ಯ ತೆಂಗಿನಕಾಯಿ ಸುಲಿಯುವ ಕೆಲಸದವನು, ಮಾತು ಕಡಿಮೆ. "ನಮ್ಮವ್ಳು ಮದುವೆ ಮಂಟಪದಾಗೂ ನನ್ನ ಮಕ ಎರಡು ಸಲ ನೋಡಿದ್ಳು ಕಣ್ರೀ, ಇವನೇ ಹೌದಾ ಅಂತ," ಎಂದು ಅವನು ಒಮ್ಮೆ ಹೇಳಿದ್ದ.

ಇದನ್ನು ಹಟ ಎಂದು ಊರು ಕರೆಯುತ್ತಿತ್ತು. ಆ ಹಟಕ್ಕೊಂದು ತೂಕವಿತ್ತೆಂದು ನನಗೆ ತಿಳಿದದ್ದು ಒಂದು ಕೂಸಿನ ವಿಷಯದಲ್ಲಿ. ತಿಂಗಳಿಗೊಮ್ಮೆ ಮಕ್ಕಳನ್ನು ತಕ್ಕಡಿಗೆ ಹಾಕಿ ತೂಕವನ್ನು ಪುಸ್ತಕದಲ್ಲಿ ಬರೆಯಬೇಕಷ್ಟೆ. ಒಂದು ಹೆಣ್ಣುಕೂಸು ಹಿಂದಿನ ತಿಂಗಳಿಗಿಂತ ಮುನ್ನೂರು ಗ್ರಾಂ ಇಳಿದಿತ್ತು. ತಪಾಸಣೆಗೆ ಬಂದಿದ್ದ ಮೇಲ್ವಿಚಾರಕಿ, ಕಾಗದ ಚೆನ್ನಾಗಿ ಕಾಣಲೆಂದು, ಇಳಿದದ್ದನ್ನು ಏರಿದ್ದೆಂದು ಬರೆದುಬಿಡು, ಮುಂದಿನ ತಿಂಗಳು ಸರಿಹೋಗುತ್ತದೆ ಎಂದರಂತೆ. ಮಹದೇವಮ್ಮ ಪೆನ್ನನ್ನು ಕೆಳಗಿಟ್ಟಳು. "ಕೂಸು ಇಳಿದೈತೆ ಮೇಡಮ್ಮೋರೇ. ನಾನು ಏರಿದೆ ಅಂತ ಬರೆದ್ರೆ ಅದು ಏರ್ತದಾ?" ಅಂದೇ ಆ ಕೂಸನ್ನು ಕೋಟಿನೊಳಗೆ ಹಾಕಿಕೊಂಡು ಅರಸೀಕೆರೆಯ ಆಸ್ಪತ್ರೆಗೆ ಹೋದಳು. ಕೂಸು ಉಳಿಯಿತು. ಹೆಸರು ನಂದಿತಾ, ಮುಂದೆ ನಮ್ಮ ಹೈಸ್ಕೂಲಿಗೇ ಬಂದಳು.

ಹೀಗೆ ಹನ್ನೊಂದು ವರ್ಷ ಸಹಾಯಕಿಯಾಗಿದ್ದವಳ ಮುಂದೆ ೧೯೯೭ರ ಕೊನೆಯಲ್ಲಿ ಒಂದು ಬಾಗಿಲು ತೆರೆಯಿತು. ಅಂಗನವಾಡಿಯ ಕಾರ್ಯಕರ್ತೆ ಕಮಲಾಕ್ಷಮ್ಮನವರ ಯಜಮಾನರಿಗೆ ಬೇಲೂರಿಗೆ ವರ್ಗವಾಗಿ, ಅವರು ಮುಂದಿನ ಬೇಸಗೆಗೆ ಕೆಲಸ ಬಿಡುವುದೆಂದು ನಿಶ್ಚಯವಾಯಿತು. ಆ ಜಾಗಕ್ಕೆ ಸಹಾಯಕಿಯೇ ಬರಬಹುದು, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ. ಪಾಸಾಗದಿದ್ದರೆ ಹೊರಗಿನವರು ಬರುತ್ತಾರೆ, ಮಹದೇವಮ್ಮ ಉಳಿದ ಆಯುಷ್ಯವೆಲ್ಲ ಒಲೆಯ ಮುಂದೆ. ಕಮಲಾಕ್ಷಮ್ಮನವರು ಸತ್ಯವಂತರು. "ಹಾಡು, ಕತೆ, ತೂಕ, ಚುಚ್ಚುಮದ್ದಿನ ಲೆಕ್ಕ ಎಲ್ಲಾ ಇವಳೇ ಮಾಡೋದು ಮೇಷ್ಟ್ರೇ. ನಾನು ರುಜು ಹಾಕೋದು. ಇವಳಿಗೊಂದು ಗಣಿತ ಪಾಸು ಮಾಡಿಸ್ಬಿಡಿ," ಎಂದು ನನ್ನ ಬಳಿ ಕರೆತಂದರು. ಏಪ್ರಿಲ್‌ನಲ್ಲಿ ಪರೀಕ್ಷೆ. ಆಕೆಗೆ ಆಗ ಮೂವತ್ತಾರು ವರ್ಷ.

ಸಂಜೆ ಶಾಲೆ ಬಿಟ್ಟ ಮೇಲೆ ಎಂಟನೆಯ ತರಗತಿಯ ಕೋಣೆಯಲ್ಲಿ ನಮ್ಮ ಪಾಠ. ನಾನು ಇಪ್ಪತ್ತು ವರ್ಷ ಪಾಠ ಹೇಳಿದವನು. ಧನಕ್ಕೆ ಪ್ಲಸ್ಸು ಋಣಕ್ಕೆ ಮೈನಸ್ಸು, ಮೈನಸ್ಸು ಮೈನಸ್ಸು ಸೇರಿದರೆ ಪ್ಲಸ್ಸು ಎಂದು ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸಿ, ಗೋಡೆಗಳು ಪ್ರತಿಧ್ವನಿಸಿದರೆ ಪಾಠ ಮುಗಿಯಿತೆಂದು ತಿಳಿದವನು. ಆ ಸಾಲನ್ನು ಆಕೆಗೂ ಹೇಳಿದೆ. ಆಕೆ ಬೆಂಚಿನಿಂದ ಎದ್ದು ನಿಂತಳು.

"ಮೇಷ್ಟ್ರೇ, ಮೈನಸ್ ಮೂರಕ್ಕೆ ಮೈನಸ್ ನಾಲ್ಕು ಕೂಡಿದ್ರೆ ಎಷ್ಟು?"

"ಮೈನಸ್ ಏಳು."

"ಎರಡು ಮೈನಸ್ಸು ಸೇರಿದ್ವು. ಪ್ಲಸ್ ಆಗ್ಲಿಲ್ವಲ್ಲ?"

ಕೂಡುವುದಕ್ಕೆ ಆ ಸಾಲು ಹೊಂದದು, ಕಳೆಯುವಲ್ಲಿ, ಗುಣಿಸುವಲ್ಲಿ ಮಾತ್ರ ಎಂದು ನಾನು ತೊದಲಿದೆ. "ಹಂಗಾದ್ರೆ ಸೇರಿದ್ರೆ ಅಂತ ಯಾಕೆ ಹೇಳ್ಕೊಡ್ತೀರಿ? ಇದನ್ನೇ ಏಳನೇ ಕ್ಲಾಸಲ್ಲಿ ಕೇಳಿದ್ದಕ್ಕೆ ನನ್ನ ಬೆಂಚಿನ ಮೇಲೆ ನಿಲ್ಸಿದ್ರು," ಎಂದಳು. ಕೋಪದ ಮಾತಾಗಿರಲಿಲ್ಲ ಅದು. ಒಂದು ದಿನದ ಹವೆಯ ಬಗ್ಗೆ ಹೇಳಿದಂತಿತ್ತು. ಆದರೆ ನನಗೆ ನಾಟಿತು. ಮೂರು ಸಲ ಆಕೆಯನ್ನು ಕೆಳಗೆ ತಳ್ಳಿದ್ದು ದಡ್ಡತನವಾಗಿರಲಿಲ್ಲ. ನಾವು ಮೇಷ್ಟ್ರುಗಳು ಅಜಾಗರೂಕತೆಯಿಂದ ಕಟ್ಟಿದ ಒಂದು ಸಾಲಿನಲ್ಲಿದ್ದ ಬಿರುಕನ್ನು ಹದಿಮೂರು ವರ್ಷದ ಹುಡುಗಿಯೊಬ್ಬಳು ಕಂಡಿದ್ದಳು, ಅಷ್ಟೆ.

ಜನವರಿ ಕಳೆಯಿತು, ಫೆಬ್ರವರಿಯೂ ಕಳೆಯುತ್ತ ಬಂತು. ಸಂಖ್ಯಾರೇಖೆ ಎಳೆದು ತೋರಿಸಿದೆ. ಕೂಡಿದರೆ ಬಲಕ್ಕೆ, ಕಳೆದರೆ ಎಡಕ್ಕೆ ಎಂಬುದನ್ನು ತಕ್ಷಣ ಒಪ್ಪಿದಳು. ಸೊನ್ನೆಯಿಂದ ಎಡಕ್ಕೂ ಸಂಖ್ಯೆಗಳಿವೆಯೆಂಬುದೂ ಆಕೆಗೆ ಕಷ್ಟವಾಗಲಿಲ್ಲ. ಆದರೆ ಮೈನಸ್ ಮೂರನ್ನು ಕಳೆ ಎಂದ ಕೂಡಲೇ ಸೀಮೆಸುಣ್ಣ ನಿಲ್ಲುತ್ತಿತ್ತು. "ಕಳೀಬೇಕಾದ್ರೆ ಎಡಕ್ಕೆ ಹೋಗ್ಬೇಕು, ನೀವು ಬಲಕ್ಕೆ ಹೋಗು ಅಂತೀರಿ. ಕಾಲು ಒಪ್ಪಲ್ಲ." ಕೊನೆಗೆ ನಾನೇ ಸೋತು, ಪರೀಕ್ಷೆಯ ಮಟ್ಟಿಗೆ ಕಣ್ಣು ಮುಚ್ಚಿ ಬರೆದುಬಿಡಮ್ಮ, ನಿನ್ನ ಕೆಲಸದ ಪ್ರಶ್ನೆ ಎಂದೆ. ಆಕೆ, "ನಂಗೆ ಗೊತ್ತು ಮೇಷ್ಟ್ರೇ. ನಂಬದೇ ಬರೆದದ್ದು ಪರೀಕ್ಷೇಲಿ ಮರೆತೇ ಹೋಯ್ತದೆ," ಎಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಆ ಸಂಜೆ ಆ ದಾಪುಗಾಲು ಎಂದಿನಷ್ಟು ಬಿರುಸಾಗಿರಲಿಲ್ಲ.

ಮುಂದಿನ ಭಾನುವಾರ ಆಕೆ ಅರಸೀಕೆರೆಗೆ ತಂದೆಯನ್ನು ನೋಡಲು ಹೋದಳು. ಅಲ್ಲಿ ನಡೆದದ್ದನ್ನು ಆಕೆ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ ನಾನೂ ಆ ಜಗುಲಿಯಲ್ಲಿ ಇದ್ದೆನೇನೋ ಎನಿಸುತ್ತದೆ.

ಸಣ್ಣಯ್ಯನ ಮನೆ ರೈಲು ಹಳಿಯ ಆಚೆಬದಿಗೆ. ಎಪ್ಪತ್ತರ ಮುದುಕ ದಿನವಿಡೀ ಜಗುಲಿಯಲ್ಲಿ ಕೂತು ಹೋಗುವ ಬರುವ ಗಾಡಿಗಳನ್ನೆಲ್ಲ ತಪಾಸಣೆ ಮಾಡುತ್ತಿದ್ದ. ಡೀಸೆಲ್ ಇಂಜಿನ್ನುಗಳ ಮೇಲೆ ಅವನಿಗೆ ಆರದ ಮುನಿಸು. ಅಂದೂ ಒಂದು ಇಂಜಿನ್ನು ಎದುರಿನ ಹಳಿಯ ಮೇಲೆ ಹಾದುಹೋದಾಗ ಅವನು ಗೊಣಗಿದ.

"ಈಗಿನ ಇಂಜಿನ್ನಿಗೆ ಮಕ ಯಾವ್ದು ಬೆನ್ನು ಯಾವ್ದು, ಒಂದೂ ತಿಳಿಯಾಕಿಲ್ಲ. ನಮ್ಮ ಕಾಲದಾಗೆ ಹೊಗೆ ಕೊಳವೆ ಇದ್ದದ್ದೇ ಮಕ. ಮಕ ಬಾಣಾವರದ ಕಡೀಕಿದ್ರೂ ಹಿಂದುಹಿಂದಕ್ಕೆ ತಿಪಟೂರ ಗಂಟ ಓಡಿಸ್ತಿದ್ರು, ಅಂಥಾ ಡ್ರೈವರುಗಳು."

ಮಹದೇವಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರ ಕೈಯಲ್ಲೇ ನಿಂತಿತು.

"ಅಪ್ಪಾ, ಏನಂದೆ? ಇನ್ನೊಂದ್ಸಲ ಹೇಳು."

"ಏನ್ ಹೇಳೋದು? ಮಕ ಬಾಣಾವರದ ಕಡೀಕೆ. ಹಿಂದಕ್ಕೆ ಬಿಟ್ರೆ ತಿಪಟೂರ ಕಡೀಕೆ ಹೋಯ್ತದೆ. ಇದೂ ಒಂದು ಕೇಳೋ ಮಾತಾ?"

ಆಕೆ ಎದ್ದು ಒಲೆಯಿಂದ ಇದ್ದಿಲಿನ ಚೂರು ತಂದು, ಜಗುಲಿಯ ಉದ್ದಕ್ಕೂ ಗೆರೆ ಎಳೆದು, ಹಳಿಯ ಕೆಳಗಿನ ಮರದ ಪಟ್ಟಿಗಳಂತೆ ಅಡ್ಡಗೀಟು ಹಾಕಿದಳು. ನಡುವಿನ ಗೀಟು ಅರಸೀಕೆರೆ, ಅದೇ ಸೊನ್ನೆ. ಬಲಕ್ಕೆ ತಿಪಟೂರಿನ ಕಡೆಯವು ಒಂದು ಎರಡು ಮೂರು, ಎಡಕ್ಕೆ ಬಾಣಾವರದ ಕಡೆಯವು ಮೈನಸ್ ಒಂದು, ಮೈನಸ್ ಎರಡು. ತಂದೆಯ ಕೈ ಹಿಡಿದು ಎಬ್ಬಿಸಿ ಐದನೆಯ ಗೀಟಿನ ಮೇಲೆ ನಿಲ್ಲಿಸಿದಳು.

"ನೀನೇ ಇಂಜಿನ್ನು. ಈಗ ಮೈನಸ್ ಮೂರು ಬಂತು. ಮೈನಸ್ ಅಂದ್ರೆ ನಿನ್ನ ಮಕ ಬಾಣಾವರಕ್ಕೆ. ತಿರುಗು."

ಮುದುಕ ಕೋಲೂರಿ ತಿರುಗಿದ.

"ಕೂಡೋದಾದ್ರೆ ಮುಂದಕ್ಕೆ. ಕಳೆಯೋದಾದ್ರೆ ಹಿಂದಕ್ಕೆ. ಈಗ ಕಳೆಯೋದು. ಮೂರು ಹೆಜ್ಜೆ ಹಿಂದಕ್ಕೆ ಬಾ."

ಮಗಳು ಬೆನ್ನಿಗೆ ಕೈಯಿಟ್ಟಿರಲು ಸಣ್ಣಯ್ಯ ಒಂದು, ಎರಡು, ಮೂರು ಎಂದು ಹಿಮ್ಮೆಟ್ಟಿದ. ಮೂವತ್ತೊಂದು ವರ್ಷ ಇಂಜಿನ್ನಿನ ಮುಂದೆ ಬಾವುಟ ಬೀಸುತ್ತ ಹಿಂದುಹಿಂದಕ್ಕೆ ನಡೆದ ಕಾಲುಗಳು, ಒಂದಿಷ್ಟೂ ತಪ್ಪಲಿಲ್ಲ. ಮಹದೇವಮ್ಮ ಬಗ್ಗಿ ಅವನ ಪಾದದ ಕೆಳಗಿನ ಗೀಟನ್ನು ನೋಡಿದಳು. ನಂಬಿಕೆ ಬಾರದೆ ಸೊನ್ನೆಯಿಂದ ಮತ್ತೆ ಎಣಿಸಿದಳು. ಎಂಟು.

"ಅಪ್ಪಾ, ಎಂಟು!" ಎಂದು ಆಕೆ ಕೂಗಿದ್ದು ಹಳಿಯ ಆಚೆಗೂ ಕೇಳಿಸಿತಂತೆ. ಅಕ್ಕಪಕ್ಕದವರು ಗಾಬರಿಯಿಂದ ಬಂದು ನೋಡಿದರೆ ತಂದೆ ಗೀಟಿನ ಮೇಲೆ ನಿಂತಿದ್ದಾನೆ, ಮಗಳು ನೆಲದ ಮೇಲೆ ಕೂತು ಅಳುತ್ತಲೂ ನಗುತ್ತಲೂ ಇದ್ದಾಳೆ. ಸಣ್ಣಯ್ಯನಿಗೆ ಸಂಗತಿ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಹೇಳಿದ ಮಾತು ಇದು: "ಇಷ್ಟಕ್ಕಾ ಮೂರು ಸಲ ಫೇಲಾದೆ? ಮೊದಲೇ ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?"

ಸೋಮವಾರ ನಾನು ಬಸ್ಸಿನಿಂದ ಇಳಿದಾಗ ಮಹದೇವಮ್ಮ ನಿಲ್ದಾಣದಲ್ಲೇ ಕಾಯುತ್ತಿದ್ದಳು. ಚೀಲ ಕೆಳಗಿಡಲೂ ಬಿಡಲಿಲ್ಲ. ರಸ್ತೆಯ ಬದಿಯ ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದು, "ಕೇಳಿ ಮೇಷ್ಟ್ರೇ, ಯಾವ್ದು ಬೇಕಾದ್ರೂ ಕೇಳಿ," ಎಂದಳು. ಮೈನಸ್ ಎರಡರಲ್ಲಿ ಐದು ಕಳೆ ಎಂದೆ. ಮುಖ ತಿಪಟೂರಿಗೆ, ಹೆಜ್ಜೆ ಹಿಂದಕ್ಕೆ: ಮೈನಸ್ ಏಳು. ಮೈನಸ್ ಮೂರಕ್ಕೆ ಮೈನಸ್ ನಾಲ್ಕು ಕೂಡು ಎಂದೆ. ಮುಖ ಬಾಣಾವರಕ್ಕೆ, ಹೆಜ್ಜೆ ಮುಂದಕ್ಕೆ: ಅದೂ ಮೈನಸ್ ಏಳು. ಮೈನಸ್ ಎರಡರಲ್ಲಿ ಮೈನಸ್ ಏಳು ಕಳೆ ಎಂದೆ. ಬಾಣಾವರದತ್ತ ಮುಖ ಮಾಡಿ, ಕೋಟಿನ ಅಂಚು ಹಾರುವಂತೆ ಏಳು ಹೆಜ್ಜೆ ಹಿಂದಕ್ಕೆ ಬಂದು, ಸೊನ್ನೆಯನ್ನು ದಾಟಿ ಐದರ ಮೇಲೆ ನಿಂತು ನನ್ನನ್ನು ನೋಡಿದಳು. ಬಸ್ಸು ಕಾಯುತ್ತಿದ್ದವರು ಏನೋ ಆಟವೆಂದು ಸುತ್ತ ನಿಂತಿದ್ದರು. ಸಂಖ್ಯೆಯ ಚಿಹ್ನೆ ಬೇರೆ, ಕ್ರಿಯೆಯ ಚಿಹ್ನೆ ಬೇರೆ. ಎರಡಕ್ಕೂ ಒಂದೇ ಗೀಟು ಬರೆಯುವುದರಿಂದಲೇ ಮಕ್ಕಳು ದಾರಿ ತಪ್ಪುತ್ತಾರೆ ಎಂಬುದು ಇಪ್ಪತ್ತು ವರ್ಷ ಮೇಷ್ಟ್ರಾದ ನನಗೆ ಕಣಕಟ್ಟೆಯ ಬಸ್ ನಿಲ್ದಾಣದ ಧೂಳಿನಲ್ಲಿ, ನನ್ನ ಶಿಷ್ಯೆಯ ಕಾಲುಗಳಿಂದ ತಿಳಿಯಿತು. ಮೂರು ದಿನ ಕಳೆಯುವುದರೊಳಗೆ ಗುಣಾಕಾರವನ್ನೂ ಆಕೆಯೇ ದಾರಿಗೆ ತಂದುಕೊಂಡಳು. "ಮೈನಸ್ ಮೂರು ಇಂಟು ಮೈನಸ್ ಎರಡು ಅಂದ್ರೆ ಸೊನ್ನೆಯಿಂದ ಮೈನಸ್ ಎರಡನ್ನ ಮೂರು ಸಲ ಕಳೆಯೋದು, ಅಷ್ಟೇ ಅಲ್ವಾ?" ಎಂದಳು. ಅಷ್ಟೇ ಆಗಿತ್ತು.

ಏಪ್ರಿಲ್‌ನ ಪರೀಕ್ಷೆ ಅರಸೀಕೆರೆಯ ಒಂದು ಶಾಲೆಯಲ್ಲಿ. ಹದಿನಾರರ ಹುಡುಗ ಹುಡುಗಿಯರ ನಡುವೆ ಕೋಟು ಹಾಕಿಕೊಂಡ ಮೂವತ್ತಾರರ ಒಬ್ಬಳೇ ಹೆಂಗಸು. ಅರ್ಧ ಗಂಟೆಯಾದ ಮೇಲೆ ಕೊಠಡಿಯ ಮೇಲ್ವಿಚಾರಕರು ಆಕೆಯ ಬೆಂಚಿನ ಬಳಿ ನಿಂತರಂತೆ.

"ಏನಮ್ಮ, ಕಾಲು ಯಾಕೆ ಹಿಂದಕ್ಕೂ ಮುಂದಕ್ಕೂ ಆಡಿಸ್ತಿದೀರಿ? ಕೆಳಗೇನಾದ್ರೂ ಚೀಟಿ ಇದೆಯಾ?"

"ಇಲ್ಲ ಸಾರ್. ಲೆಕ್ಕ ಮಾಡ್ತಾ ಇವ್ನಿ."

"ಕಾಲಲ್ಲಾ?"

"ನಂಗೆ ಅದ್ರಲ್ಲೇ ಬರೋದು ಸಾರ್."

ಅವರು ಬಗ್ಗಿ ನೋಡಿದರು. ಬೆಂಚಿನ ಕೆಳಗೆ ಎರಡು ಬರಿಗಾಲುಗಳ ಹೊರತು ಏನೂ ಇರಲಿಲ್ಲ. ಮಾಡಿ ಮಾಡಿ ಎಂದು ಹೊರಟುಹೋದರು.

ಫಲಿತಾಂಶದ ದಿನ ಅಂಕಗಳ ಹಾಳೆ ನೋಡಲು ನಾನೇ ಅರಸೀಕೆರೆಗೆ ಹೋಗಿದ್ದೆ. ಮಧ್ಯಾಹ್ನದ ಬಸ್ಸಿಗೆ ಮರಳಿ ಅಂಗನವಾಡಿಗೆ ನೇರವಾಗಿ ನಡೆದೆ. ಮಹದೇವಮ್ಮ ಒಲೆಯ ಮೇಲಿನ ದೊಡ್ಡ ಪಾತ್ರೆಯಲ್ಲಿ ಸೌಟು ತಿರುಗಿಸುತ್ತಿದ್ದಳು. ಪುಟ್ಟಯ್ಯ ಅಂದು ಕೆಲಸಕ್ಕೆ ಹೋಗದೆ ಬಾಗಿಲ ಬಳಿ ಕುಕ್ಕುರುಗಾಲಲ್ಲಿ ಕೂತಿದ್ದ.

"ಅರವತ್ತೆಂಟು," ಎಂದೆ.

"ಯಾವ್ದರಲ್ಲಿ?"

"ಗಣಿತದಲ್ಲಿ."

"ನಂಬಿಕೆ ಬರ್ಲಿಲ್ಲ. ತೋರ್ಸಿ."

ನಾನು ಬರೆದುಕೊಂಡು ಬಂದಿದ್ದ ಕಾಗದ ಕೊಟ್ಟೆ. ಅದನ್ನೂ ಆಕೆ ಒಪ್ಪಲಿಲ್ಲ. ಅದು ನಿಮ್ಮ ಅಕ್ಷರ ಎಂದಳು. ಮರುದಿನ ಬೆಳಗ್ಗಿನ ಮೊದಲ ಬಸ್ಸಿಗೆ ಗಂಡನನ್ನು ಕರೆದುಕೊಂಡು ಹೋಗಿ, ನೋಂದಣಿ ಸಂಖ್ಯೆಯ ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಓದಿ, ಅಲ್ಲಿಂದ ಹಳಿ ದಾಟಿ ತಂದೆಯ ಮನೆಗೆ ಓಡಿದಳು. ಸಣ್ಣಯ್ಯ ಪೆಟ್ಟಿಗೆಯಿಂದ ತನ್ನ ಹಳೆಯ ಹಸಿರು ಬಾವುಟವನ್ನು ತೆಗೆದು ಮಗಳು ಹಳಿ ದಾಟಿ ಬರುವವರೆಗೂ ಬೀಸುತ್ತ ನಿಂತಿದ್ದನೆಂದು ಪುಟ್ಟಯ್ಯ ನನಗೆ ಹೇಳಿದ. ಸುದ್ದಿ ಹೇಳುವ ಮೊದಲೇ ಅವನಿಗೆ ಗೊತ್ತಾದದ್ದು ಹೇಗೆಂದರೆ, "ನಡಿಗೆ ನೋಡಿದ್ರೆ ತಿಳಿಯಾಕಿಲ್ವಾ?" ಎಂದನಂತೆ.

ಜೂನ್‌ನಲ್ಲಿ ಆದೇಶ ಬಂತು. ಕಮಲಾಕ್ಷಮ್ಮನವರು ಬೇಲೂರಿಗೆ ಹೊರಡುವ ಮುನ್ನ ತಮ್ಮ ಕುರ್ಚಿಯಲ್ಲಿ ಆಕೆಯನ್ನು ತಾವೇ ಕೂರಿಸಿ, ಹಾಜರಿ ಪುಸ್ತಕ ಮುಂದಿಟ್ಟು, "ಈಗ ನಿನ್ನ ರುಜು ಹಾಕು ಕಣೇ," ಎಂದರು. ಮಹದೇವಮ್ಮ ರುಜು ಹಾಕಿದಳು. ಮೊದಲು ಮಕ್ಕಳ ತಲೆ ಎಣಿಸಿ, ಆಮೇಲೆ.

ಮರುವರ್ಷದ ತಾಲ್ಲೂಕಿನ ಗಣಿತ ಶಿಕ್ಷಕರ ಸಭೆಗೆ ನಾನು ಆಕೆಯನ್ನು ಕರೆದೊಯ್ದೆ. ಹೈಸ್ಕೂಲು ಮೇಷ್ಟ್ರುಗಳ ಸಭೆಯಲ್ಲಿ ಅಂಗನವಾಡಿಯವಳೇ ಎಂದು ಕೆಲವರು ಮುಖ ಸಿಂಡರಿಸಿದರು. ಆಕೆ ನೆಲದ ಮೇಲೆ ಗೆರೆ ಎಳೆದು ನಲವತ್ತು ಮಂದಿ ಮೇಷ್ಟ್ರುಗಳಲ್ಲಿ ಹಿರಿಯರೊಬ್ಬರನ್ನು, "ಬನ್ನಿ ಸಾರ್, ನೀವು ಇಂಜಿನ್ನು," ಎಂದು ಕರೆದು ನಿಲ್ಲಿಸಿದಳು. ಹತ್ತು ನಿಮಿಷಗಳಲ್ಲಿ ಸಭೆಯೆಲ್ಲ ಎದ್ದು ಗೆರೆಯ ಮೇಲಿತ್ತು. ಕನ್ನಡಕ ಏರಿಸಿಕೊಂಡು, ಪಂಚೆ ಎತ್ತಿಕೊಂಡು, ಅರಸೀಕೆರೆ ತಾಲ್ಲೂಕಿನ ಗಣಿತವೆಲ್ಲ ಹಿಂದುಹಿಂದಕ್ಕೆ ನಡೆಯುತ್ತಿತ್ತು. ಮೈನಸ್ ಎಂಟರಲ್ಲಿ ಮೈನಸ್ ಎಂಟು ಕಳೆದರೆ ಎಂದು ಒಬ್ಬರು ಕೇಳಿದಾಗ, "ಅರಸೀಕೆರೆಗೆ ಬಂದು ಇಳಿದ್ರಿ ಸಾರ್," ಎಂದಳು. ಚಪ್ಪಾಳೆ ಬಿತ್ತು. ಮಹಾಂತೇಶ್ ಎಂಬ ಎಳೆಯ ಮೇಷ್ಟ್ರು, ಚೇಷ್ಟೆಗೆಂದೇ, ಮೈನಸ್ ಒಂದರ ವರ್ಗಮೂಲ ಎಲ್ಲಿದೆ ತೋರಿಸಿ ಎಂದ. ಆಕೆ ಗೆರೆಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿ, ಗಂಭೀರವಾಗಿ ಹೇಳಿದಳು: "ಈ ಹಳಿ ಮೇಲೆ ಕಾಣ್ತಿಲ್ಲ ಸಾರ್. ಬೇರೆ ಹಳಿ ಐತೇನೋ, ನೀವೇ ಹುಡುಕಿ ಹೇಳ್ಬೇಕು." ಗಣಿತ ಬಲ್ಲವರಿಗೆ ಗೊತ್ತು, ಅದು ಸರಿಯುತ್ತರ: ಆ ಸಂಖ್ಯೆಗೆ ಈ ಗೆರೆಯಲ್ಲಿ ಜಾಗವಿಲ್ಲ, ಅದು ಬೇರೆಯೇ ಗೆರೆಯ ಮೇಲಿದೆ. ಮಹಾಂತೇಶನ ನಗು ಅಲ್ಲಿಗೇ ನಿಂತು, ಅವನು ಕೈಮುಗಿದ.

ಇಂಥವರು ಎಲ್ಲ ಊರಿನಲ್ಲೂ, ಎಲ್ಲ ತರಗತಿಯಲ್ಲೂ ಇರುತ್ತಾರೆ. ಬೇಗ ತಲೆಯಾಡಿಸಿದವರನ್ನು ಜಾಣರ ಸಾಲಿನಲ್ಲಿ ಕೂರಿಸಿ, ತಲೆಯಾಡಿಸದವರನ್ನು ಹಿಂದಿನ ಬೆಂಚಿಗೆ ಕಳಿಸುವುದು ನಮಗೆ ಸುಲಭದ ಅಭ್ಯಾಸ. ತಲೆಯಾಡಿಸಿದವರಲ್ಲಿ ಎಷ್ಟೋ ಮಂದಿ ನಮ್ಮ ಮೇಲಿನ ಗೌರವಕ್ಕೋ ಭಯಕ್ಕೋ ಒಪ್ಪಿಕೊಂಡವರು. ಒಪ್ಪಿದ್ದನ್ನು ಮುಂದಿನ ಮಳೆಗಾಲದೊಳಗೆ ಮರೆಯುವವರು. ಒಪ್ಪದೆ ನಿಂತವರಾದರೋ ತಮ್ಮ ಅಂಕ, ತಮ್ಮ ಕೆಲಸ, ಎಷ್ಟೋ ವೇಳೆ ತಮ್ಮ ಯೌವನವನ್ನೇ ಒಂದು 'ಯಾಕೆ'ಗೆ ತೆತ್ತು ಕಾಯುತ್ತಾರೆ. ಅವರಿಗೆ ದಾರಿ ತಡವಾಗಿ ತೆರೆಯುತ್ತದೆ. ತೆರೆದಾಗ ಅವರೊಬ್ಬರೇ ಹಾದುಹೋಗುವುದಿಲ್ಲ. ಅವರಿಗೆ ಪಾಠ ಹೇಳಿದೆವೆಂದು ತಿಳಿದಿದ್ದ ನಾವೂ ಅವರ ಬೆನ್ನ ಹಿಂದೆ, ಕಲಿತದ್ದನ್ನೆಲ್ಲ ಮೊದಲಿನಿಂದ ಕಲಿಯುತ್ತ, ಒಂದೊಂದೇ ಹೆಜ್ಜೆ ಇಡುತ್ತೇವೆ.